ಪಿಟೀಲು ಒಳಗೆ, ಪಿಟೀಲಿನವನು ಹೊರಗೆ

ಸೌಹಾರ್ದದ ಹೆಸರಿನಲ್ಲಿ ನಡೆಯುವ ಯಾವ ಸಭೆಗೆ ಹೋದರೂ ಸ್ವಾಗತ ಭಾಷಣ ಮುಗಿಯುವುದರೊಳಗೆ ಒಂದು ಮಾತು ಬಂದೇ ಬರುತ್ತದೆ: ಸಂಗೀತಕ್ಕೆ ಜಾತಿಯಿಲ್ಲ, ಧರ್ಮವಿಲ್ಲ. ಅದರ ಬೆನ್ನಿಗೇ ಉಸ್ತಾದ್ ಬಿಸ್ಮಿಲ್ಲಾ ಖಾನರ ಹೆಸರು ಬರುತ್ತದೆ. ಆಮೇಲೆ ಶಿಶುನಾಳ ಶರೀಫರು. ಕೊನೆಗೆ ಖವ್ವಾಲಿ, ಚಹಾ, ಬಿಸ್ಕತ್ತು. ಸಭಿಕರು ಹಗುರಾದ ಮನಸ್ಸಿನಿಂದ ಮನೆಗೆ ಹೋಗುತ್ತಾರೆ. ಹಾಗೆ ಹೋಗುವವರ ಪ್ರಾಮಾಣಿಕತೆಯ ಬಗ್ಗೆ ನಮಗೆ ಅನುಮಾನವಿಲ್ಲ. ನಮ್ಮ ತಕರಾರು ಇರುವುದು ಆ ಮಾತಿನ ಬಗ್ಗೆ. ಅದು ಎಷ್ಟು ಸುಂದರವಾಗಿದೆಯೋ ಅಷ್ಟೇ ಸೋಮಾರಿಯಾದ ಮಾತು. ಸಂಗೀತಕ್ಕೆ ಧರ್ಮವಿಲ್ಲದಿರಬಹುದು. ನುಡಿಸುವವನಿಗೆ ಇದೆಯಲ್ಲ! ಅವನಿಗೊಂದು ಹೆಸರಿದೆ, ತಲೆಯ ಮೇಲೊಂದು ಟೋಪಿ ಇರಬಹುದು, ಹೆಂಡತಿ ಮಕ್ಕಳಿದ್ದಾರೆ, ರಾತ್ರಿ ಮಲಗಲು ಅವನಿಗೊಂದು ಸೂರು ಬೇಕು. ಆ ಮಾತು ಅವನ ವಿಷಯಕ್ಕೆ ಬರುವುದೇ ಇಲ್ಲ.

ಈ ಜಗಳವನ್ನು ಒಂದು ಹಳೆಯ ಸಿನಿಮಾದ ನೆಪದಲ್ಲಿ ಆಡುವುದು ಒಳ್ಳೆಯದು. ಎದುರಿಗಿರುವವರ ಹೆಸರು ಹಿಡಿದು ಜಗಳವಾಡಿದರೆ ಅದು ಅವರಿಗೂ ನಮಗೂ ಸೇರಿದ ವೈಯಕ್ತಿಕ ವ್ಯಾಜ್ಯವಾಗಿಬಿಡುತ್ತದೆ.

1909ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಬಯೋಗ್ರಾಫ್ ಕಂಪನಿ 'ದಿ ವಾಯ್ಸ್ ಆಫ್ ದಿ ವಯಲಿನ್' ಎಂಬ ಮೂಕಿ ಚಿತ್ರವನ್ನು ಬಿಡುಗಡೆ ಮಾಡಿತು. ನಿರ್ದೇಶಕ ಡಿ.ಡಬ್ಲ್ಯು. ಗ್ರಿಫಿತ್. ಇಡೀ ಚಿತ್ರ ಒಂದೇ ರೀಲು. ಕತೆ ಹೀಗಿದೆ. ಜರ್ಮನಿಯಿಂದ ವಲಸೆ ಬಂದ ಬಡ ಪಿಟೀಲು ಮೇಷ್ಟ್ರು ಒಬ್ಬ ಶ್ರೀಮಂತರ ಮಗಳಿಗೆ ಪಾಠ ಹೇಳುತ್ತಾನೆ. ಪಾಠ ಹೇಳುತ್ತಾ ಪ್ರೇಮದಲ್ಲಿ ಬೀಳುತ್ತಾನೆ. ಮನಸ್ಸು ಬಿಚ್ಚಿ ಹೇಳಿದಾಗ ಅಂತಸ್ತು ಅಡ್ಡ ಬರುತ್ತದೆ, ಅವನು ಹೊರಗೆ ಬೀಳುತ್ತಾನೆ. ಅವಮಾನದಲ್ಲಿ ಬೆಂದವನು ಬಡವ ಬಲ್ಲಿದರೆಂಬ ಭೇದವೇ ಅಳಿಯಬೇಕೆನ್ನುವ ಅರಾಜಕತಾವಾದಿಗಳ ಗುಂಪನ್ನು ಸೇರುತ್ತಾನೆ. ಅವರು ಒಬ್ಬ ಧನಿಕನ ಬಂಗಲೆಗೆ ಬಾಂಬಿಡುವ ಕೆಲಸವನ್ನು ಇವನಿಗೂ ಇನ್ನೊಬ್ಬನಿಗೂ ಒಪ್ಪಿಸುತ್ತಾರೆ. ಜೊತೆಗಾರ ನೆಲಮಾಳಿಗೆಗೆ ಇಳಿಯುತ್ತಾನೆ, ಇವನು ಹೊರಗೆ ಕಾವಲು. ಆಗ ಮನೆಯೊಳಗಿಂದ ಪಿಟೀಲಿನ ದನಿ ಬರುತ್ತದೆ. ನುಡಿಯುತ್ತಿರುವುದು ತಾನೇ ಕಟ್ಟಿದ ರಾಗ. ನುಡಿಸುತ್ತಿರುವವಳು ಅವಳೇ! ಅವನು ಒಳಗೆ ನುಗ್ಗಿ ಜೊತೆಗಾರನನ್ನು ತಡೆಯಲು ಹೋಗುತ್ತಾನೆ, ಏಟು ತಿಂದು ಕಟ್ಟಿಹಾಕಿಸಿಕೊಳ್ಳುತ್ತಾನೆ. ಕೈಕಾಲು ಕಟ್ಟಿದ್ದರೂ ತೆವಳಿಕೊಂಡು ಹೋಗಿ, ಉರಿಯುತ್ತಿರುವ ಬತ್ತಿಯನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುತ್ತಾನೆ. ಮನೆ ಉಳಿಯಿತು. ಮೇಷ್ಟ್ರು ಈಗ ವೀರ. ಹುಡುಗಿಯೂ ಸಿಕ್ಕಳು.

ಸಂಗೀತದ ಪ್ರಭಾವವೆಂದರೆ ಇದೇ ಅಲ್ಲವೇ ಎಂದು ಚಪ್ಪಾಳೆ ತಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿ. ಈ ಕತೆಯಲ್ಲಿ ಸಂಗೀತ ಬದಲಾಯಿಸಿದ್ದು ಯಾರನ್ನು? ಆ ಮನೆಯವರ ಕಿವಿಗೆ ಪಿಟೀಲು ದಿನವೂ ಬೀಳುತ್ತಿತ್ತು. ಮೇಷ್ಟ್ರಿಗೆ ಸಂಬಳ ಕೊಟ್ಟು ಕರೆಸಿದ ಮನೆಯದು. ಆ ದನಿ ಯಜಮಾನನನ್ನು ಒಂದಿನಿತೂ ಅಲ್ಲಾಡಿಸಲಿಲ್ಲ. ಅಲ್ಲಾಡಬೇಕಾದವನು ವಲಸೆ ಬಂದವನು, ಬಡವ, ನೆಲಮಾಳಿಗೆಯ ಬಾಗಿಲಲ್ಲಿ ನಿಂತವನು. ತಾನು ಒಳ್ಳೆಯವನೆಂದು ಹಲ್ಲಿನಿಂದ ಬತ್ತಿ ಕಚ್ಚಿ ತೋರಿಸಬೇಕಾದವನೂ ಅವನೇ. ಹಾಗೆ ತೋರಿಸಿದ ಮೇಲಷ್ಟೇ ಮುಂಬಾಗಿಲು ತೆರೆಯುತ್ತದೆ. ಬಾಂಬಿಡುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚೆನ್ನಾಗಿ ಪಾಠ ಹೇಳುತ್ತಿದ್ದ ಒಬ್ಬ ಮೇಷ್ಟ್ರು ಬೀದಿಗೆ ಬಿದ್ದದ್ದು ಹೇಗೆ ಎಂಬ ಪ್ರಶ್ನೆಯನ್ನು ಚಿತ್ರ ಮರೆತೇಬಿಡುತ್ತದೆ. ಸಂಗೀತ ಇಲ್ಲಿ ನ್ಯಾಯದ ಜಾಗದಲ್ಲಿ ಬಂದು ಕೂತಿದೆ.

ಇನ್ನೊಂದು ತಮಾಷೆ ಇದೆ. ಇದು ಮೂಕಿ ಚಿತ್ರ. ತೆರೆಯ ಮೇಲಿನ ಪಿಟೀಲು ಯಾರಿಗೂ ಕೇಳಿಸುವುದಿಲ್ಲ. ನೋಡುವವರಿಗೆ ಕೇಳಿಸುವುದು ಚಿತ್ರಮಂದಿರದ ಕತ್ತಲಲ್ಲಿ ಕೂತ ಇನ್ನೊಬ್ಬ ವಾದ್ಯಗಾರ ನುಡಿಸಿದ್ದು. ಅಲ್ಲಿ ಪಿಯಾನೊ, ನಮ್ಮಲ್ಲಿ ಹಾರ್ಮೋನಿಯಂ ಮತ್ತು ತಬಲ. ತೆರೆಯ ಬುಡದಲ್ಲಿ ಕೂತು, ಕತ್ತೆತ್ತಿ ಚಿತ್ರ ನೋಡುತ್ತಾ, ಕುದುರೆ ಓಡಿದರೆ ಲಯ ಏರಿಸಿ, ನಾಯಕಿ ಅತ್ತರೆ ಸ್ವರ ಇಳಿಸಿ ನುಡಿಸಿದ ಆ ಮಂದಿಯ ಹೆಸರು ಯಾವ ಪೋಸ್ಟರಿನಲ್ಲೂ ಬರಲಿಲ್ಲ. 1931ರಲ್ಲಿ 'ಆಲಂ ಆರಾ' ಮಾತಾಡಿತು. 1934ರಲ್ಲಿ 'ಸತಿ ಸುಲೋಚನಾ' ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿಯ ದೊಡ್ಡಣ್ಣ ಹಾಲಿನಲ್ಲಿ ಕನ್ನಡ ಮಾತಾಡಿತು. ಕನ್ನಡಿಗರು ಹೆಮ್ಮೆಪಡಬೇಕಾದ ದಿನವದು. ಆದರೆ ತೆರೆಗೇ ಗಂಟಲು ಬಂದ ಮೇಲೆ ಬುಡದಲ್ಲಿ ಕೂತವರು ಪೆಟ್ಟಿಗೆ ಮುಚ್ಚಿಕೊಂಡು ಎದ್ದು ಹೋಗಬೇಕಾಯಿತು. ಸಂಗೀತ ಉಳಿಯಿತು, ಸಂಗೀತದವರಿಗೆ ಕೆಲಸ ಹೋಯಿತು. ಸಿನಿಮಾ ಚರಿತ್ರೆ ಬರೆಯುವವರು ಈ ಎರಡನೆಯ ಸಂಗತಿಯನ್ನು ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ.

ನಮ್ಮದೇ ನಾಡಿನ ಮೂಕಿಯೊಂದನ್ನು ಇದರ ಪಕ್ಕ ಇಟ್ಟು ನೋಡೋಣ. 1930ರ ಆಸುಪಾಸಿನಲ್ಲಿ ಮೋಹನ್ ಭಾವನಾನಿ ಶೂದ್ರಕನ 'ಮೃಚ್ಛಕಟಿಕ'ವನ್ನು 'ವಸಂತಸೇನಾ' ಎಂಬ ಮೂಕಿ ಚಿತ್ರ ಮಾಡಿದರು. ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್ ಅದರಲ್ಲಿದ್ದರು. ನಮ್ಮ ಟಿ.ಪಿ. ಕೈಲಾಸಂ ಕೂಡ ಬಣ್ಣ ಹಚ್ಚಿದ್ದರು. ಮಾತಿನ ಮಲ್ಲನಾದ ಕೈಲಾಸಂ ತೆರೆಯ ಮೇಲೆ ಮೂಕರಾಗಿ ಕಾಣಿಸಿಕೊಂಡದ್ದು ಒಂದು ವಿಚಿತ್ರ, ಅದು ಬೇರೆ ಮಾತು. ನಮಗಿಲ್ಲಿ ಬೇಕಾದದ್ದು ಆ ನಾಟಕದ ಮೂರನೆಯ ಅಂಕ. ಚಾರುದತ್ತ ಆ ರಾತ್ರಿ ರೇಭಿಲನ ಗಾಯನ ಕೇಳಿ, ಕಿವಿಯಲ್ಲಿ ಇನ್ನೂ ವೀಣೆಯನ್ನು ತುಂಬಿಕೊಂಡೇ ಮನೆಗೆ ಬಂದು ಮಲಗುತ್ತಾನೆ. ಅದೇ ರಾತ್ರಿ ಶರ್ವಿಲಕ ಗೋಡೆಗೆ ಕನ್ನ ಕೊರೆದು ಒಳಗೆ ಬರುತ್ತಾನೆ. ಒಳಗೆ ಕಾಣುವುದೇನು? ಮೃದಂಗ, ವೀಣೆ, ಕೊಳಲು, ಪುಸ್ತಕಗಳು. ಇದೇನು ಸಂಗೀತದ ಮೇಷ್ಟ್ರ ಮನೆಯೇ ಎಂದು ಕಳ್ಳನಿಗೆ ನಿರಾಸೆ. ವಾದ್ಯಗಳಿರುವ ಮನೆಯಲ್ಲಿ ಹಣವಿರುವುದಿಲ್ಲ ಎಂಬ ಲೋಕಜ್ಞಾನ ಸಾವಿರ ವರ್ಷಗಳ ಹಿಂದೆಯೇ ಕಳ್ಳರಿಗಿತ್ತು! ವೀಣೆ ಕಂಡು ಅವನ ಮನಸ್ಸು ಕರಗುವುದಿಲ್ಲ. ಒಡವೆಯ ಗಂಟು ಕೈಗೆ ಬಂದೊಡನೆ ತೆಗೆದುಕೊಂಡು ಹೋಗುತ್ತಾನೆ.

ಈ ಶರ್ವಿಲಕನೂ ಪ್ರೇಮಿಯೇ. ವಸಂತಸೇನೆಯ ದಾಸಿ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಅವನಿಗೆ ಹಣ ಬೇಕಿತ್ತು, ಕದ್ದ. ಮುಂದೆ ಅವನು ಬದಲಾಗುತ್ತಾನೆ. ಯಾವಾಗ? ವಸಂತಸೇನೆ ಮದನಿಕೆಯನ್ನು ಬೆಲೆ ಕೇಳದೆ ಬಿಡುಗಡೆ ಮಾಡಿದಾಗ. ಶೂದ್ರಕ ಕಳ್ಳನಿಗೆ ರಾಗ ಕೇಳಿಸಲಿಲ್ಲ, ಅವನ ಹೆಣ್ಣಿಗೆ ಸ್ವಾತಂತ್ರ್ಯ ಕೊಡಿಸಿದ. ನ್ಯೂಯಾರ್ಕಿನ ಗ್ರಿಫಿತ್‌ಗಿಂತ ನಮ್ಮ ಪ್ರಾಚೀನ ನಾಟಕಕಾರನಿಗೆ ಮನುಷ್ಯ ಏಕೆ ಕಳ್ಳನಾಗುತ್ತಾನೆ, ಏಕೆ ಕಳ್ಳತನ ಬಿಡುತ್ತಾನೆ ಎಂಬುದು ಚೆನ್ನಾಗಿ ತಿಳಿದಿತ್ತು ಎಂದು ನಮ್ಮ ಅಭಿಪ್ರಾಯ.

ಈಗ ದಕ್ಷಿಣ ಬೆಂಗಳೂರಿಗೆ ಬರೋಣ. ಬನಶಂಕರಿ 2ನೇ ಹಂತದಲ್ಲಿ ಸುಚಿತ್ರಾ ಇದೆ. 1971ರಲ್ಲಿ ಹುಟ್ಟಿದ ಈ ಫಿಲ್ಮ್ ಸೊಸೈಟಿ ಒಂದಲ್ಲ ಎರಡು ತಲೆಮಾರಿಗೆ ಜಗತ್ತಿನ ಸಿನಿಮಾ ತೋರಿಸಿದೆ. ಅದರ ಋಣ ನಮ್ಮ ಮೇಲೂ ಇದೆ. ಅದೇ 2ನೇ ಹಂತದಲ್ಲಿ ಯಾರಬ್ ನಗರವೂ ಇದೆ. ಜಯನಗರ 4ನೇ ಬ್ಲಾಕ್ ದಾಟಿದರೆ ತಿಲಕ್ ನಗರ, ಬಿಟಿಎಂ ಕಡೆ ಗುರಪ್ಪನಪಾಳ್ಯ, ಜೆ.ಪಿ. ನಗರದ ಆಚೆ ಇಲಿಯಾಸ್ ನಗರ. ಹೆಸರು ಹೇಳಿದರೆ ಸಾಕು, ಆಟೋದವರಿಗೂ ಅಲ್ಲಿ ಯಾರಿದ್ದಾರೆಂದು ಗೊತ್ತು. ಈ ಜಾಗಗಳಲ್ಲಿ ಮುಸ್ಲಿಮರು ಒತ್ತೊತ್ತಾಗಿ ಯಾಕಿದ್ದಾರೆ? 'ಅವರಿಗೆ ಅವರವರ ಜೊತೆ ಇರೋದೇ ಇಷ್ಟ' ಎಂಬ ಉತ್ತರವನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಇಷ್ಟಪಟ್ಟು ಇರುವವರೂ ಇದ್ದಾರೆ, ಸುಳ್ಳಲ್ಲ. ಮಸೀದಿ ಹತ್ತಿರವಿರಲಿ, ಮಾಂಸದಂಗಡಿ ಹತ್ತಿರವಿರಲಿ, ಕಷ್ಟಕ್ಕೆ ನೆಂಟರಿರಲಿ ಎಂದು ಬಯಸುವುದು ತಪ್ಪೇನಲ್ಲ. ಆದರೆ ಬೇರೆ ಕಡೆ ಮನೆ ಕೇಳಿ ನೋಡಿದವರಿಗೆ ಉಳಿದ ಅರ್ಧ ಉತ್ತರ ಗೊತ್ತಿದೆ.

ಕೆಲವು ವರ್ಷಗಳ ಹಿಂದೆ ನಾವು ಜಯನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. 'ಟು-ಲೆಟ್' ಬೋರ್ಡು ನೋಡಿ ಫೋನು ಮಾಡಿದಾಗ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಬಹಳ ಸಜ್ಜನ ಮಾತು. ಹಿನ್ನೆಲೆಯಲ್ಲಿ ಶಹನಾಯಿ ಕೇಳುತ್ತಿತ್ತು. ಅದರ ಬಗ್ಗೆ ಮಾತು ತೆಗೆದೆವು.

"ನಮ್ಮನೇಲಿ ಬೆಳಿಗ್ಗೆ ಏಳೋದೇ ಬಿಸ್ಮಿಲ್ಲಾ ಖಾನ್ ಕೇಳ್ಕೊಂಡು ಸಾರ್" ಎಂದರು. ಸಾಹಿತ್ಯದ ಮಾತೂ ಬಂತು. ಬಾಡಿಗೆ, ಅಡ್ವಾನ್ಸು, ನೀರಿನ ಸೌಕರ್ಯ ಎಲ್ಲ ಆಯಿತು. ಕೊನೆಗೆ, "ಅಂದಹಾಗೆ ತಮ್ಮ ಹೆಸರು?"

ಹೇಳಿದೆವು. ಸ್ವಲ್ಪ ಹೊತ್ತು ಶಹನಾಯಿ ಮಾತ್ರ ಕೇಳಿಸಿತು.

"ಓಹೋ. ಕನ್ನಡ ಎಷ್ಟು ಸೊಗಸಾಗಿ ಮಾತಾಡ್ತೀರಿ! ನೋಡಿ, ನನ್ನದೇನೂ ಅಭ್ಯಂತರ ಇಲ್ಲ. ಮನೇಲಿ ಹೆಂಗಸ್ರು, ಮೇಲ್ಗಡೆ ಮನೆಯೋರು... ತಪ್ಪು ತಿಳ್ಕೋಬೇಡಿ ಸಾರ್."

ನಾವು ತಪ್ಪು ತಿಳಿದುಕೊಳ್ಳಲಿಲ್ಲ. ಸರಿಯಾಗಿಯೇ ತಿಳಿದುಕೊಂಡೆವು. ಆ ಮನೆಯೊಳಕ್ಕೆ ಬಿಸ್ಮಿಲ್ಲಾ ಖಾನರ ಉಸಿರು ಹೋಗಬಹುದು, ಅವರ ಹೆಸರಿನಂಥ ಹೆಸರಿರುವವರು ಹೋಗುವಂತಿಲ್ಲ. ಆ ಹಿರಿಯರನ್ನು ದುಷ್ಟರೆಂದು ನಾವು ಕರೆಯುವುದಿಲ್ಲ. ಗ್ರಿಫಿತ್‌ನ ಚಿತ್ರದ ಯಜಮಾನನೂ ದುಷ್ಟನಲ್ಲ. ಸಂಗೀತ ಕೇಳಿ ಮನಸ್ಸು ಮೃದುವಾಗುತ್ತದೆ ಎಂದು ನಂಬಿದವರ ಮುಂದೆ ಇದೊಂದು ಉದಾಹರಣೆ ಇಡುತ್ತಿದ್ದೇವೆ, ಅಷ್ಟೇ. ಅವರ ಮನಸ್ಸು ಮೃದುವಾಗಿಯೇ ಇತ್ತು. ಬಾಗಿಲು ಮಾತ್ರ ಗಟ್ಟಿಯಾಗಿತ್ತು.

2008ರ ಜುಲೈ 25ರಂದು ಮಡಿವಾಳ, ಆಡುಗೋಡಿ ಮೊದಲಾದ ಕಡೆ ಸರಣಿ ಬಾಂಬು ಸಿಡಿದ ಮೇಲೆ ಈ ಭಾಗದಲ್ಲಿ ಬಾಡಿಗೆ ಮನೆ ಕೇಳುವ ಪ್ರತಿಯೊಬ್ಬ ಮುಸ್ಲಿಂ ಹುಡುಗನೂ ಆ ಚಿತ್ರದ ಮೇಷ್ಟ್ರಾಗಿಬಿಟ್ಟ. ಬಾಂಬಿಟ್ಟವರಿಗೆ ಶಿಕ್ಷೆಯಾಗಲಿ, ಕಠಿಣವಾಗಿಯೇ ಆಗಲಿ. ಆದರೆ ಕಂಪ್ಯೂಟರ್ ಕಲಿತು ಬಿಟಿಎಂ ಲೇಔಟಿಗೆ ಕೆಲಸಕ್ಕೆ ಬಂದ ಬೀದರಿನ ಹುಡುಗ ತನ್ನದಲ್ಲದ ಬತ್ತಿಯನ್ನು ಎಷ್ಟು ಸಲ ಹಲ್ಲಿನಿಂದ ಕಚ್ಚಿ ತೋರಿಸಬೇಕು? 'ನಾನು ಅಂಥವನಲ್ಲ ಅಂಕಲ್, ನನಗೆ ರಫಿ ಹಾಡು ಇಷ್ಟ, ಅಣ್ಣಾವ್ರ ಹಾಡು ಇನ್ನೂ ಇಷ್ಟ' ಎಂದು ಎಷ್ಟು ಮನೆಯ ಗೇಟಿನಲ್ಲಿ ನಿಂತು ಹಾಡಬೇಕು?

ಅಣ್ಣಾವ್ರ ಮಾತು ಬಂತಲ್ಲ. 1977ರ 'ಸನಾದಿ ಅಪ್ಪಣ್ಣ' ನೋಡದ ಕನ್ನಡಿಗರು ಕಡಿಮೆ. ತೆರೆಯ ಮೇಲೆ ಸನಾದಿ ಹಿಡಿದ ತುಟಿ ರಾಜ್‌ಕುಮಾರ್ ಅವರದು, ಅದರೊಳಗೆ ಹರಿದ ಉಸಿರು ಬಿಸ್ಮಿಲ್ಲಾ ಖಾನರದು. ಈ ಸಂಗಮವನ್ನು ನಾವೂ ಪ್ರೀತಿಸುತ್ತೇವೆ. ಆದರೆ ತೆರೆಯ ಆಚೆ ಸನಾದಿ ಊದುವವರ ಕತೆ ಏನು? ಇದು ಮುಸ್ಲಿಮರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆ ಎಂದು ಯಾರೂ ತಿಳಿಯಬಾರದು. ಓಲಗದವರು ಗಟ್ಟಿಮೇಳ ಬಾರಿಸದೆ ನಮ್ಮ ನಾಡಿನಲ್ಲಿ ತಾಳಿ ಬೀಳುವುದಿಲ್ಲ. ಆದರೆ ಎಷ್ಟೋ ಮದುವೆಗಳಲ್ಲಿ ಅದೇ ಓಲಗದವರಿಗೆ ಊಟ ಕೊನೆಯ ಪಂಕ್ತಿಯಲ್ಲಿ. ತಮಟೆ ಇಲ್ಲದೆ ದೇವರ ಉತ್ಸವ ಹೊರಡದ ಊರುಗಳಲ್ಲಿ ತಮಟೆ ಬಡಿಯುವವರು ಗುಡಿಯ ಹೊಸ್ತಿಲು ದಾಟುವಂತಿರಲಿಲ್ಲ. ವಾದ್ಯ ಶುಭ, ವಾದ್ಯದವನು ಮೈಲಿಗೆ. ಈ ಲೆಕ್ಕಾಚಾರ ನಮ್ಮ ಸಮಾಜಕ್ಕೆ ಬಹಳ ಹಳೆಯದು, ಸಾಬರಿಗಾಗಿ ಹೊಸದಾಗಿ ಹುಟ್ಟಿದ್ದಲ್ಲ.

1994ರ ಅಕ್ಟೋಬರ್ ತಿಂಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿತು. ಗಲಭೆಯೆದ್ದಿತು, ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು, ವಾರ್ತೆ ನಿಂತಿತು. ಆ ವೇಳೆಯಲ್ಲಿ ಅದನ್ನು ಹಾಕಿದ್ದು ಸರಿಯೇ ಎಂದು ಕೇಳುವ ಹಕ್ಕು ಕನ್ನಡದ ಪರವಾಗಿ ದುಡಿಯುವವರಿಗೆ ಇತ್ತು. ನಾವು ಎರಡೂ ಭಾಷೆಗಳಲ್ಲಿ ಓದಿದವರು, ಆ ಪ್ರಶ್ನೆಗೆ ಕೂತು ಉತ್ತರಿಸಬಹುದಿತ್ತು. ನಮ್ಮ ಅಚ್ಚರಿ ಬೇರೆ. ಅದೇ ನಗರ ಸಾಹಿರ್, ಮಜ್ರೂಹ್, ಶಕೀಲ್ ಬರೆದ ಹಾಡುಗಳನ್ನು ದಶಕಗಟ್ಟಲೆ ಗುನುಗಿತ್ತು. ಅವು ಯಾವ ಭಾಷೆ? ಉರ್ದು ಹಾಡಾಗಿ ಬಂದಾಗ ಇಂಪು, ಸುದ್ದಿಯಾಗಿ ಬಂದಾಗ ಸಿಡಿಮದ್ದು. ಅಂದರೆ ನಾವು ಹಾಡಬಹುದು, ಮಾತಾಡುವಂತಿಲ್ಲ.

ಇನ್ನು ನಮ್ಮ ಮನೆಯ ಕಡೆಗೆ ತಿರುಗೋಣ. ಹೊರಗಿನವರನ್ನಷ್ಟೇ ಬೈದು ಲೇಖನ ಮುಗಿಸುವುದು ಬಹಳ ಸುಲಭ. ನಮ್ಮಲ್ಲಿ ಸಂಗೀತವೆಂದರೆ ಹರಾಮ್ ಎಂದು ಫರ್ಮಾನು ಹೊರಡಿಸುವ ಮಂದಿ ಇತ್ತೀಚೆಗೆ ಹೆಚ್ಚಿದ್ದಾರೆ. ಉತ್ತರ ಕರ್ನಾಟಕದ ಮೊಹರಮ್ಮಿನ ರಿವಾಯತ್ ಪದಗಳನ್ನು ಹಿಂದೂ ಮುಸ್ಲಿಮರು ಒಟ್ಟಿಗೆ ಹಾಡಿಕೊಂಡು ಬಂದದ್ದು ಇವರ ಕಣ್ಣಿಗೆ ಅಜ್ಞಾನ. ಮಿಲಾದಿನ ನಾತ್, ದರ್ಗಾದ ಖವ್ವಾಲಿ, ತತ್ವಪದ ಯಾವುದೂ ಇವರಿಗೆ ಸೇರುವುದಿಲ್ಲ. ಉಸ್ತಾದ್ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು, ಆ ಗುರುಪರಂಪರೆಯಲ್ಲಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಬಂದರು. ಅಂಥ ಗುರು 1937ರಲ್ಲಿ ಪಾಂಡಿಚೇರಿಯ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಮೈ ಸರಿಯಿಲ್ಲವೆಂದು ಇಳಿದು, ದರ್ಬಾರಿಯಲ್ಲಿ ದೇವರನ್ನು ಸ್ಮರಿಸುತ್ತಲೇ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಆ ಕೊನೆಯ ಹೊತ್ತನ್ನು ಹರಾಮ್ ಎಂದು ಕರೆಯುವ ಧೈರ್ಯವಿದ್ದವರು ಮುಂದೆ ಬರಲಿ. ಇದರ ನಡುವೆಯೇ ಕೆಲವೆಡೆ ಮಿಲಾದ್ ಮೆರವಣಿಗೆಗೆ ಡಿಜೆ ಬಂದು ಕೂತಿದೆ! ತಂಬೂರಿ ಬೇಡವೆಂದವರು ಎದೆ ನಡುಗಿಸುವ ಸ್ಪೀಕರಿನ ಮುಂದೆ ಹೇಗೆ ಸುಮ್ಮನಿದ್ದಾರೋ, ಅಲ್ಲಾಹನೇ ಬಲ್ಲ.

2017ರಲ್ಲಿ ಮಲೆನಾಡಿನ ಮುಸ್ಲಿಂ ಹೆಣ್ಣುಮಗಳೊಬ್ಬಳು ಕನ್ನಡ ವಾಹಿನಿಯೊಂದರ ಹಾಡಿನ ಸ್ಪರ್ಧೆಯಲ್ಲಿ ಹಿಂದೂ ಭಕ್ತಿಗೀತೆ ಹಾಡಿದಳು. ನಮ್ಮವರಲ್ಲಿ ಕೆಲವರು ಫೇಸ್‌ಬುಕ್ಕಿನಲ್ಲಿ ಆಕೆಯನ್ನೂ ಹೆತ್ತವರನ್ನೂ ಬಾಯಿಗೆ ಬಂದಂತೆ ನಿಂದಿಸಿದರು. ಅದು ನಾಚಿಕೆಗೇಡು, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಆ ಕಡೆ ಚಪ್ಪಾಳೆ ತಟ್ಟಿದವರು ಮಾಡಿದ್ದೇನು? ಒಂದೇ ರಾತ್ರಿಯಲ್ಲಿ ಆಕೆಯನ್ನು ಏಕತೆಯ ಸಂಕೇತ ಮಾಡಿಬಿಟ್ಟರು. 'ಎಲ್ಲ ಮುಸ್ಲಿಮರೂ ಈಕೆಯ ಹಾಗಿದ್ದರೆ ಎಷ್ಟು ಚೆನ್ನ' ಎಂದರು. ಶ್ರುತಿ ಸೇರಿತ್ತೇ, ತಾಳ ತಪ್ಪಿತೇ ಎಂಬ ಮಾತು ಈ ಗಲಾಟೆಯಲ್ಲಿ ಯಾರಿಗೂ ಬೇಕಾಗಲಿಲ್ಲ. ಒಬ್ಬ ಹುಡುಗಿಗೆ ಸುಮ್ಮನೆ ಹಾಡುವ, ಚೆನ್ನಾಗಿಯೋ ಕೆಟ್ಟದಾಗಿಯೋ ಹಾಡಿ ಮನೆಗೆ ಹೋಗುವ ಹಕ್ಕು ಸಿಗಲಿಲ್ಲ. ಬೈದವರು ಆಕೆಯ ಬಾಯಿ ಮುಚ್ಚಿಸಲು ನೋಡಿದರು, ಹೊಗಳಿದವರು ಆಕೆಯ ಹೆಗಲ ಮೇಲೆ ಒಂದು ಇಡೀ ಸಮುದಾಯದ ಜಾಮೀನನ್ನು ಹೊರಿಸಿದರು.

ಗ್ರಿಫಿತ್‌ನ ಕತೆ ಅಲ್ಲಿಗೇ ಮುಗಿಯಲಿಲ್ಲ. ಅದೇ 1909ರ ಅಕ್ಟೋಬರಿನಲ್ಲಿ ಆತ ಬ್ರೌನಿಂಗ್ ಕವಿಯ ಕಾವ್ಯವನ್ನು ಆಧರಿಸಿ 'ಪಿಪ್ಪಾ ಪಾಸಸ್' ಮಾಡಿದ. ಬಡ ಹುಡುಗಿಯೊಬ್ಬಳು ಹಾಡುತ್ತಾ ಬೀದಿಯಲ್ಲಿ ಹಾದುಹೋಗುತ್ತಾಳೆ, ಕೇಳಿಸಿಕೊಂಡವರ ಆತ್ಮಸಾಕ್ಷಿ ಎಚ್ಚರಗೊಳ್ಳುತ್ತದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೂಡ ಆ ಚಿತ್ರದ ಬಗ್ಗೆ ಬರೆಯಿತು. ಸಂಗೀತದಿಂದ ಲೋಕವೇ ಒಳ್ಳೆಯದಾಗುತ್ತದೆಂದು ಒಂದೇ ವರ್ಷದಲ್ಲಿ ಎರಡು ಸಲ ಸಾರಿದ ಈ ಮನುಷ್ಯ ಆರು ವರ್ಷಗಳ ನಂತರ, 1915ರಲ್ಲಿ, 'ದಿ ಬರ್ತ್ ಆಫ್ ಎ ನೇಷನ್' ಮಾಡಿದ. ಕರಿಯರನ್ನು ಮೃಗಗಳಂತೆ ತೋರಿಸಿ, ಅವರನ್ನು ಬೇಟೆಯಾಡುವ ಕು ಕ್ಲಕ್ಸ್ ಕ್ಲಾನ್ ಗುಂಪನ್ನು ದೇಶೋದ್ಧಾರಕರಂತೆ ಮೆರೆಸಿದ ಚಿತ್ರವದು. ಆಗಲೂ ಚಿತ್ರ ಮೂಕಿಯೇ, ಆದರೆ ಚಿತ್ರಮಂದಿರದಲ್ಲಿ ಈಗ ಇಡೀ ವಾದ್ಯವೃಂದ. ಬಿಳಿ ಮುಸುಕಿನ ಸವಾರರು ಕುದುರೆಯೇರಿ ನುಗ್ಗುವಾಗ ವ್ಯಾಗ್ನರ್‌ನ ಆರ್ಭಟದ ಸಂಗೀತ ನುಡಿಸಿದರು. ಜನ ಹುಚ್ಚೆದ್ದು ಕೂಗಿದರು. ಸತ್ತುಹೋಗಿದ್ದ ಕ್ಲಾನ್ ಅದೇ ವರ್ಷದ ಕೊನೆಗೆ ಅಟ್ಲಾಂಟಾದ ಬಳಿ ಮತ್ತೆ ಎದ್ದು ನಿಂತಿತು. ಸಂಗೀತದ ಪ್ರಭಾವ ಇದೂ ಹೌದಲ್ಲವೇ? ಮಸೀದಿಯ ಮುಂದೆ ಬಂದಾಗಲೇ ದನಿ ಏರಿಸುವ ಮೆರವಣಿಗೆಗಳನ್ನು ಕಂಡವರಿಗೆ ವ್ಯಾಗ್ನರ್ ಯಾರೆಂದು ವಿವರಿಸಬೇಕಾಗಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದ ಇದೆ. ಆದರೆ ಆ ದನಿಯೊಳಗಿನ ದ್ವೇಷವನ್ನು ಅಳೆಯುವ ಡೆಸಿಬೆಲ್ ಮೀಟರನ್ನು ಯಾರೂ ಕಂಡುಹಿಡಿದಿಲ್ಲ.

ಆದ್ದರಿಂದ ಸಂಗೀತದ ತಲೆಯ ಮೇಲೆ ಅದು ಹೊರಲಾರದ ಭಾರ ಹೊರಿಸುವುದು ಬೇಡ. ಭಾರ ಹೊರಬೇಕಾದದ್ದು ಕಾನೂನು. ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿಯನ್ನು ಓದಿ ನೋಡಿ. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವುಗಳಲ್ಲಿ ಧರ್ಮ ಜಾತಿ ನೋಡಿ ಯಾರನ್ನೂ ತಡೆಯುವಂತಿಲ್ಲ. ಜಯನಗರ 4ನೇ ಬ್ಲಾಕಿನ ಪುಟ್ಟಣ್ಣ ಥಿಯೇಟರು ಇದ್ದ ಕಾಲದಲ್ಲಿ ಟಿಕೆಟ್ ಕೊಡುವವನು ನಮ್ಮ ಹೆಸರು ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದಿತ್ತು. ಆ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ. ಮೂರು ಗಂಟೆ ಒಟ್ಟಿಗೆ ಕೂತು ಹಾಡು ಕೇಳಿದವರು ಆಟ ಬಿಟ್ಟ ಮೇಲೆ ಒಂದೇ ಬೀದಿಯ ಮನೆಗಳಿಗೆ ಹೋಗುವ ಹಾಗಿರಲಿಲ್ಲ. 2006ರ ಸಾಚಾರ್ ಸಮಿತಿ ವರದಿಯಲ್ಲಿ ಮನೆ ಕೊಳ್ಳಲು, ಬಾಡಿಗೆಗೆ ಪಡೆಯಲು ಮುಸ್ಲಿಮರು ಪಡುವ ಪಾಡಿನ ಪ್ರಸ್ತಾಪವಿದೆ. ಸಮಾನ ಅವಕಾಶ ಆಯೋಗ ಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ಪ್ರೊ. ಎನ್.ಆರ್. ಮಾಧವ ಮೆನನ್ ನೇತೃತ್ವದ ತಜ್ಞರ ತಂಡ 2008ರಲ್ಲಿ ಅದಕ್ಕೊಂದು ಮಸೂದೆಯ ಕರಡನ್ನೂ ಬರೆದುಕೊಟ್ಟಿತು. ಕರಡು ಕರಡಾಗಿಯೇ ಉಳಿಯಿತು. ಯಾವ ಪಕ್ಷದ ಸರ್ಕಾರವೂ ಅದನ್ನು ಕಾನೂನು ಮಾಡಲಿಲ್ಲ.

ಸೌಹಾರ್ದ ಸಭೆ ನಡೆಸುವ ಗೆಳೆಯರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಭೆಯ ನಿರ್ಣಯದಲ್ಲಿ ಒಂದು ಸಾಲು ಸೇರಿಸಿ: ಜಾತಿ ಧರ್ಮ ನೋಡಿ ಬಾಡಿಗೆಗೆ ಮನೆ ನಿರಾಕರಿಸುವುದನ್ನು ಶಿಕ್ಷಾರ್ಹ ಅಪರಾಧ ಮಾಡುವ ಕಾನೂನು ರಾಜ್ಯದಲ್ಲಿ ಬರಬೇಕು. ವೇದಿಕೆಯ ಮೇಲಿರುವ ಎಲ್ಲರೂ, ಸ್ವಂತ ಮನೆಯಿದ್ದು ಬಾಡಿಗೆಗೆ ಕೊಟ್ಟವರು ಮೊದಲಾಗಿ, ಅದಕ್ಕೆ ರುಜು ಹಾಕಲಿ. ಆ ಹಾಳೆ ವಿಧಾನಸೌಧಕ್ಕೆ ಹೋದ ದಿನ ಖವ್ವಾಲಿ ತಂಡವನ್ನು ನಾವೇ ಕರೆತರುತ್ತೇವೆ. ಬಸ್ ಚಾರ್ಜೂ ನಮ್ಮದೇ.